ಅಡುಗೆಮನೆ ಗೋಡೆಯಾಚೆಯ ಇಂಗ್ಲಿಷು

ನಮ್ಮ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಕೂರುವ ಕ್ಯಾಬಿನ್ನಿಗೆ ಮೂರು ಕಡೆಯೂ ಗಾಜು. ಒಳಗೆ ಕೂತವನಿಗೆ ಎಲ್ಲ ಮಿಷಿನ್ನುಗಳೂ ಕಾಣಲಿ ಅಂತ ಹಾಗೆ ಕಟ್ಟಿಸಿದ್ದಾರೆ. ಹೊರಗಿನವರಿಗೂ ನಾನು ಅಷ್ಟೇ ಚೆನ್ನಾಗಿ ಕಾಣುತ್ತೇನೆ ಅನ್ನುವುದು ಅಲ್ಲಿ ಕೂತ ಮೊದಲ ವಾರವೇ ಗೊತ್ತಾಯಿತು. ಕಂಪ್ಯೂಟರಿನ ಮುಂದೆ ಒಂದೇ ಬೆರಳಲ್ಲಿ ಅಕ್ಷರ ಹುಡುಕುವುದು, ಒತ್ತಿದ್ದನ್ನು ಅಳಿಸುವುದು, ಮತ್ತೆ ಒತ್ತುವುದು, ಎಲ್ಲವೂ ಅವರಿಗೆ ಸಿನಿಮಾ ಥರ ಕಾಣುತ್ತದೆ. ಹಣೆ ಒರೆಸಿಕೊಂಡರೂ ಕಾಣುತ್ತದೆ. ಒಳಗೆ ಎಸಿ ಬೇರೆ ಇದೆ. ಎಸಿಯಲ್ಲಿ ಕೂತು ಬೆವರುವವನನ್ನು ನೋಡಿ ಜನ ಏನಂದುಕೊಳ್ಳುತ್ತಾರೆ?

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ತೀರಿಕೊಂಡ ವರ್ಷ ಸ್ಕೂಲು ಬಿಟ್ಟು ಕುರಿ ಹಿಂದೆ ಹೋದೆ. ಕನಕಪುರದ ರಸ್ತೆಯಿಂದ ಒಳಗಿರುವ ನಮ್ಮೂರಿನಿಂದ ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಬಸ್ಸು ಬರಲು ಶುರುವಾದಾಗ, ಬಾಟಲಿ ಮುಚ್ಚಳ ಮಾಡುವ ಈ ಫ್ಯಾಕ್ಟರಿಗೆ ಹೆಲ್ಪರ್ ಆಗಿ ಸೇರಿಕೊಂಡೆ. ಪ್ಲಾಸ್ಟಿಕ್ ಕಾಳಿನ ಮೂಟೆ ಹೊತ್ತೆ, ನೆಲ ಗುಡಿಸಿದೆ, ಆಮೇಲೆ ಆಪರೇಟರ್ ಆದೆ. ಆ ದುಡಿಮೆಯಲ್ಲೇ ಮನೆಗೆ ತಾರಸಿ ಹಾಕಿಸಿದೆ, ತಮ್ಮನಿಗೆ ಟೆಂಪೋ ಕೊಡಿಸಿದೆ, ಅವನ ಮದುವೆ ಮಾಡಿದೆ. ರಜೆ ಹಾಕಿದವನಲ್ಲ, ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ.

ಹಳೇ ಮ್ಯಾನೇಜರು ಹೊಸೂರಿನ ಕಡೆಯವರು. ಅರ್ಧ ತಮಿಳು ಅರ್ಧ ಕನ್ನಡ ಮಾತಾಡುತ್ತಿದ್ದರು, ನನ್ನ ಕೆಲಸ ಬಲ್ಲವರು. ಅವರು ಬೇರೆ ಕಂಪನಿಗೆ ಹೋಗುವ ಮುಂಚೆ ನನ್ನನ್ನು ಸೂಪರ್‌ವೈಸರ್ ಮಾಡಿ ಹೋದರು. ಒಂದು ವರ್ಷ ಪ್ರೊಬೇಷನ್, ಆಮೇಲೆ ರಿವ್ಯೂ ಮಾಡಿ ಕಾಯಂ ಮಾಡುತ್ತಾರೆ ಅಂದರು. ನಾನು 'ಕಾಯಂ' ಅನ್ನುವುದೊಂದನ್ನೇ ಕೇಳಿಸಿಕೊಂಡೆ.

ಊರಿನಲ್ಲಿ ಸುದ್ದಿ ಹಬ್ಬಿ, ಬಸ್‌ಸ್ಟಾಪಿನಲ್ಲಿ ನನ್ನದೊಂದು ಫ್ಲೆಕ್ಸ್ ಎದ್ದಿತು. ನನ್ನ ಮದುವೆ ಫೋಟೋದಿಂದ ಮುಖ ಕತ್ತರಿಸಿ ಯಾರದೋ ಕೋಟಿನ ಮೇಲೆ ಕೂರಿಸಿದ್ದರು. ಕೆಳಗೆ ಶುಭ ಕೋರುವವರ ಸಾಲು ಸಾಲು ಮುಖಗಳು. "ಬ್ಯಾಡ ಕಣ್ರಲಾ" ಅಂದಿದ್ದೆ, ಆದರೆ ಜೋರಾಗಿ ಅಂದಿರಲಿಲ್ಲ. ಕಂಪನಿ ಬಸ್ಸು ನಿಲ್ಲುವುದು ಅದರ ಕೆಳಗೇ. ಪ್ರತಿದಿನ ಬೆಳಿಗ್ಗೆ ನಾನು ನನ್ನ ಮುಖದ ಕೆಳಗೆ ನಿಂತು ಬಸ್ಸು ಕಾಯುತ್ತಿದ್ದೆ.

ಹೊಸ ಪ್ಲಾಂಟ್ ಹೆಡ್ ಬಂದರು. ಉತ್ತರದ ಕಡೆಯವರು, ಹಿಂದಿ ಮತ್ತು ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಮನುಷ್ಯ ಒಳ್ಳೆಯವರೇ, ದನಿ ಎತ್ತಿ ಮಾತಾಡಿದವರಲ್ಲ. ಶಿಫ್ಟ್ ಮುಗಿದಾಗ ಏನೇನಾಯಿತು ಅಂತ ಇಂಗ್ಲಿಷಿನಲ್ಲಿ ಮೇಲ್ ಬರಬೇಕು ಅಂದರು. ನಾನು ಹಳೇ ಮೇಲ್‌ಗಳನ್ನು ತೆಗೆದು ಮಿಷಿನ್ ನಂಬರು, ಮುಚ್ಚಳದ ಲೆಕ್ಕ ಮಾತ್ರ ಬದಲಾಯಿಸಿ ಕಳಿಸುತ್ತಾ ಬಂದೆ. ಎಲ್ಲ ದಿನವೂ ಒಂದೇ ಥರ ಇರುವವರೆಗೆ ಅದು ನಡೆಯಿತು.

ಒಂದು ದಿನ ನಾಲ್ಕನೇ ಮಿಷಿನ್ನು ಕೆಟ್ಟು ನಿಂತಿತು. ನಮ್ಮ ಕಡೆ ಕೆಟ್ಟು ನಿಂತದ್ದಕ್ಕೆ 'ರಿಪೇರಿ ಆಗೈತೆ' ಅಂತಲೇ ಹೇಳುವುದು. ಬೈಕು ರಿಪೇರಿ ಆಯ್ತು ಅಂದರೆ ಬೈಕು ಕೆಟ್ಟಿತು, ತಳ್ಳಿಕೊಂಡು ಬಾ ಅಂತ. ನಾನು ಅದನ್ನೇ ಇಂಗ್ಲಿಷಿಗೆ ಹಾಕಿ, ಮಿಷಿನ್ ರಿಪೇರ್ಡ್ ಅಂತ ಬರೆದು ಕಳಿಸಿದೆ. ಪ್ಲಾಂಟ್ ಹೆಡ್ ಮಿಷಿನ್ನು ಸರಿಹೋಯಿತು ಅಂದುಕೊಂಡು ಗಿರಾಕಿಗೆ ಮಾಲು ಕೊಡಲು ಒಪ್ಪಿಕೊಂಡುಬಿಟ್ಟರು. ಲಾರಿ ಬಂದು ಗೇಟಿನಲ್ಲಿ ನಿಂತಿತು. ಮುಚ್ಚಳವಿಲ್ಲ.

ಎಚ್‌ಆರ್ ಮೇಡಂ ನನ್ನನ್ನು ಕರೆಸಿದರು. ಬೆಂಗಳೂರಿನವರು, ನನಗಿಂತ ಬಹಳ ಚಿಕ್ಕವರು.

"ಸರ್, ರಿಪೇರ್ಡ್ ಅಂದ್ರೆ ಸರಿ ಮಾಡಾಯ್ತು ಅಂತ. ಕೆಟ್ಟಿದ್ರೆ ಬ್ರೇಕ್‌ಡೌನ್ ಅಂತ ಬರೀಬೇಕು."

"ನಮ್ ಕಡೆ ಅಂಗೇ ಹೇಳಾದು ಮೇಡಂ."

"ನಿಮ್ ಕಡೆ ಸರಿ ಸರ್. ಅವ್ರು ನಿಮ್ ಕಡೆಯವ್ರಲ್ಲ ಅಲ್ವಾ?" ಅಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. "ಯುಗಾದಿ ಆದ್ಮೇಲಿನ ವಾರ ನಿಮ್ ರಿವ್ಯೂ ಇದೆ. ಇಂಗ್ಲಿಷಲ್ಲೇ ಮಾತಾಡಿಸ್ತಾರೆ. ಜನ ಅದಲುಬದಲು ಮಾಡ್ಬಿಡೋ ಪದಗಳು ಅಂತ ಒಂದಷ್ಟು ಜೋಡಿ ವಾಟ್ಸಾಪ್ ಮಾಡ್ತೀನಿ, ಕಲ್ತ್ಕೊಂಡು ಬನ್ನಿ. ಆಗ್ಲಿಲ್ಲ ಅಂದ್ರೆ ವಾಪಸ್ ಲೈನ್‌ಗೆ ಹಾಕ್ತಾರೆ, ಬೇಜಾರ್ ಮಾಡ್ಕೋಬೇಡಿ."

ಲೈನಿಗೆ ವಾಪಸ್. ಅಲ್ಲಿ ನನ್ನ ಮಿಷಿನ್ನು ಈಗ ನನ್ನ ಗೆಳೆಯನ ಕೈಯಲ್ಲಿದೆ. ಅವನು ಚನ್ನಪಟ್ಟಣದವನು, ಮನೆಯವರೆಲ್ಲ ಗೊಂಬೆ ಕಡೆಯುವವರು. ಇಬ್ಬರೂ ಒಟ್ಟಿಗೆ ಮೂಟೆ ಹೊತ್ತವರು. ನಾನು ಮೇಡಂ ರೂಮಿನಿಂದ ಹೊರಗೆ ಬಂದಾಗ ಅವನು ಟೀ ಕುಡಿಯುತ್ತಾ ನಿಂತಿದ್ದ.

"ಏನಂತೆ ಸರ್ರು?"

"ಸರ್ ಅನ್ಬ್ಯಾಡ ಕಣ್ಲಾ."

"ಅರೆ ಭಾಯ್, ಗಾಜಿನೊಳಗಿರೋರ್ನ ಇನ್ನೇನನ್ಲಿ? ಮೀನು ಅನ್ಲಾ?"

ವಿಷಯ ಹೇಳಿದೆ. ಅವನು ಟೀ ಲೋಟ ಕೆಳಗಿಟ್ಟು, "ಬಾ ಬಾ, ನನ್ ಮಿಷಿನ್ಗೇ ಹೆಲ್ಪರ್ ಮಾಡಿಸ್ಕತೀನಿ. ಮೂಟೆ ಒಂದ್ ನಾನೇ ಎತ್ತಾಕ್ತೀನಿ, ವಯಸ್ಸಾಯ್ತಲ್ಲ ನಿಂಗೆ" ಅಂದ. ತಮಾಷೆಗೇ ಅಂದದ್ದು. ನಾನೂ ನಕ್ಕೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಳಗಿಳಿದರೆ ಅವನ ಕೈಕೆಳಗೇ ಇಳಿಯಬೇಕು. ಊರಿಗೆ ಏನು ಹೇಳಲಿ? ಮೇಲೆ ಕೂರಲು ಬಾಯಲ್ಲಿ ಮಾತಿಲ್ಲ, ಕೆಳಗೆ ನಿಲ್ಲಲು ಜಾಗವಿಲ್ಲ ಅನ್ನುವ ಹಾಗಾಯಿತು.

ಮನೆಯಲ್ಲಿ ಹೆಂಡತಿಯ ಹತ್ತಿರ ಹೇಳಿಕೊಂಡೆ. ಅವಳು ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಇಂಗ್ಲಿಷ್ ಮೇಡಮ್ಮು ಮನೇಲೇ ಅವ್ಳೆ. ಊರ್ ಮಕ್ಳೆಲ್ಲ ಅವಳ ತಾವ ಬಂದು ಕಲ್ತ್ಕಂಡು ಓಯ್ತವೆ. ನೀವ್ ಮಾತ್ರ ಗಾಜಿನ ಪೆಟ್ಗೇಲಿ ಕೂತ್ಕಂಡು ಒದ್ದಾಡಿ."

"ಅವಳ ಎದುರ್ಗೆ ಕೂತ್ಕಳಾಕಾಯ್ತದಾ?"

"ನನ್ನ ಕೇಳ್ಬ್ಯಾಡಿ, ಅತ್ತೇನ ಕೇಳಿ."

ಅವಳು ಹೇಳಿದ್ದು ನನ್ನ ತಮ್ಮನ ಹೆಂಡತಿಯ ವಿಷಯ. ದೊಡ್ಡಮಳೂರಿನ ಹತ್ತಿರದ ಹುಡುಗಿ, ಬಿ.ಎ., ಬಿ.ಎಡ್. ಮಾಡಿದವಳು, ಕನಕಪುರದ ಒಂದು ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಅಷ್ಟು ವರ್ಷದಲ್ಲಿ ನಾನೂ ಅವಳೂ ಒಂದು ಮಾತೂ ನೇರವಾಗಿ ಆಡಿರಲಿಲ್ಲ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರಿಗೆ ಕೂರುವುದಿಲ್ಲ, ಅವನೊಂದಿಗೆ ಮಾತಾಡುವುದಿಲ್ಲ, ಅವಳ ದನಿಯೂ ಅವನ ಕಿವಿಗೆ ಬೀಳಬಾರದು. ಊರಿನ ಎಷ್ಟೋ ಮನೆಗಳಲ್ಲಿ ಈಗ ಇದನ್ನು ಬಿಟ್ಟಿದ್ದಾರೆ. ನಮ್ಮ ಅವ್ವ ಬಿಟ್ಟಿಲ್ಲ, ನಾನೂ ಬಿಡು ಅಂದಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ನಾನು ಊಟಕ್ಕೆ ಬಂದರೆ, ಅವಳು ಹಿತ್ತಲಲ್ಲಿ ಕಟ್ಟಿದ ಕರುವಿಗೆ ಹೇಳುವ ಹಾಗೆ "ಮುದ್ದೆ ಮುಚ್ಚಿಟ್ಟಿದೆ" ಅನ್ನುತ್ತಿದ್ದಳು. ನಾನು ತಂಬಿಗೆಗೆ ಹೇಳುವ ಹಾಗೆ "ಸಾರು ಚೆನ್ನಾಗೈತೆ" ಅನ್ನುತ್ತಿದ್ದೆ. ನಮಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಅವ್ವ ಎಲ್ಲ ಕೇಳಿ ತಾನೇ ದಾರಿ ಹುಡುಕಿದಳು.

"ನಾನಿಲ್ವೇನ್ಲಾ? ಅವಳು ನನ್ ಕಿವೀಲೇಳ್ಲಿ, ನಾ ನಿಂಗೇಳ್ತೀನಿ. ಇಷ್ಟ್ ವರ್ಸದಿಂದ ನಿಮ್ಮಿಬ್ಬರ್ ಮಾತ ದಾಟಿಸ್ತಿಲ್ವಾ? ಇಂಗ್ಲಿಷೇನ್ ಅದಕ್ಕಿಂತ ಭಾರಾನಾ?"

ಹೀಗೆ ಪಾಠ ಶುರುವಾಯಿತು. ಸಂಜೆ ಏಳಕ್ಕೆ ನಾನು ನಡುಮನೆಯಲ್ಲಿ ಚಾಪೆ ಮೇಲೆ. ತಮ್ಮನ ಹೆಂಡತಿ ಅಡುಗೆಮನೆಯಲ್ಲಿ, ಗೋಡೆಯ ಆಚೆ. ಅವ್ವ ಹೊಸ್ತಿಲ ಮೇಲೆ, ಮಂಡಿನೋವಿನ ಕಾಲು ಚಾಚಿಕೊಂಡು, ಒಂದು ಕಿವಿ ಅತ್ತ ಒಂದು ಬಾಯಿ ಇತ್ತ. ಮೇಡಂ ಕಳಿಸಿದ ಜೋಡಿ ಪದಗಳು ಇರುವ ನನ್ನ ಫೋನು ಅವ್ವನ ಕೈಯಿಂದ ಒಳಗೆ ಹೋಯಿತು. ಒಳಗೆ ಪಿಸುಪಿಸು ಕೇಳಿಸಿತು. ಆಮೇಲೆ ಅವ್ವ ಗಂಟಲು ಸರಿ ಮಾಡಿಕೊಂಡಳು.

"ಬಾರೋ ಅಂದ್ರೆ ನಮ್ಮನೆಗೆ ಬರೋದಂತೆ. ಲೆಂಡು ಅಂದ್ರೆ ನಮ್ಮನೆಯಿಂದ ಓಗೋದಂತೆ."

"ಏನ್ ಬರೋದು?"

"ಏನಾರ. ಸೇರು, ಒನಕೆ, ಏಣಿ. ನಾವ್ ಪಕ್ಕದ್ಮನೇರ್ ಏಣಿ ತಂದ್ರೆ ಬಾರೋ. ನಮ್ ಏಣಿ ಅವ್ರಿಗ್ ಕೊಟ್ರೆ ಲೆಂಡು. ವಾಪಸ್ ಬರ್ಬೇಕಂತೆ ಎರಡ್ರಲ್ಲೂವೆ."

"ಅವ್ರು ಕೊಡಲ್ವಲ್ಲವ್ವ ವಾಪಸ್ಸು?"

"ಅದ್ಕೆ ಇಂಗ್ಲಿಷ್ನಲ್ಲಿ ಏನಂತಾರೋ, ಇರು ಕೇಳ್ತೀನಿ."

ಗೋಡೆಯಾಚೆ ಲೋಟವೊಂದು ಕೆಳಗೆ ಬಿದ್ದ ಸದ್ದಾಯಿತು. ನಗು ತಡೆದುಕೊಂಡಿದ್ದಳು ಅಂತ ಕಾಣುತ್ತದೆ.

ಮಾರನೆಯ ದಿನ ಲೂಸು. ಎರಡು ಲೂಸ್ ಇವೆಯಂತೆ, ಒಂದು ಬೋಲ್ಟು ಸಡಿಲವಾಗುವುದು, ಇನ್ನೊಂದು ಕಳೆದುಕೊಳ್ಳುವುದು. ಕಳೆದುಕೊಳ್ಳುವುದಕ್ಕೆ ಕೊನೆಯಲ್ಲಿ ಜೇನುಹುಳ ಗುಂಯ್‌ಗುಟ್ಟುವ ಹಾಗೆ ಝ್ ಅನ್ನಬೇಕಂತೆ. ಅವ್ವ ಮೂರು ಸಲ ಝ್ ಝ್ ಅಂದು ತೋರಿಸಿದಳು. ಬಾಗಿಲಲ್ಲಿ ಹೋಗುತ್ತಿದ್ದ ಹೆಂಡತಿ "ಹಲ್ಲಿಲ್ದೋರ್ಗೆ ಇಂಗ್ಲಿಷ್ ಚೆನ್ನಾಗ್ ಬತ್ತದೆ" ಅಂದಳು. ಅದಾದ ಮೇಲೆ ಕಲಿಯುವುದು, ಕಲಿಸುವುದು. ನೆನಪಿರುವುದು ರಿಮೆಂಬರ್, ನೆನಪು ಮಾಡುವುದು ರಿಮೈಂಡ್. ಇಲ್ಲಿಗೆ ತರುವುದು ಬ್ರಿಂಗ್, ಅಲ್ಲಿಗೆ ಒಯ್ಯುವುದು ಟೇಕ್. ಸುಮ್ಮನೆ ಕಿವಿಗೆ ಬೀಳುವುದು ಹಿಯರ್, ಮನಸ್ಸಿಟ್ಟು ಕೇಳಿಸಿಕೊಳ್ಳುವುದು ಲಿಸನ್. ಸಲಹೆ ಅಡ್ವೈಸ್, ಸಲಹೆ ಕೊಡುವುದಕ್ಕೆ ಮತ್ತೆ ಆ ಜೇನುಹುಳ.

ಪಾಠ ಆದ ಮೇಲೆ ನಾನು ಒಂದೊಂದು ಪದ ಹಾಕಿ ಒಂದೊಂದು ವಾಕ್ಯ ಜೋರಾಗಿ ಹೇಳಬೇಕು. ನನ್ನ ದನಿ ಅವಳ ಕಿವಿಗೆ ಬೀಳಬಾರದು ಅಂತ ಯಾರೂ ಹೇಳಿಲ್ಲವಲ್ಲ. ಹೇಳುತ್ತಿದ್ದೆ. ಒಳಗಿನಿಂದ ಅವ್ವನ ಕಿವಿಗೆ ಪಿಸುಮಾತು. ಅವ್ವ ಇತ್ತ ತಿರುಗಿ, "ಸರಿಯಾಗೈತಂತೆ ಕಣಪ್ಪ" ಅನ್ನುತ್ತಿದ್ದಳು. ಇನ್ನೊಂದು ವಾಕ್ಯ. ಪಿಸುಮಾತು ಒಸಿ ಉದ್ದವಾಗಿ ನಡೆಯುತ್ತಿತ್ತು. "ಇದೂ ಸರಿಯಾಗೈತಂತೆ."

ಎಲ್ಲ ಸರಿ. ದಿನಾ ಸರಿ. ನಾನು ಕ್ಯಾಬಿನ್ನಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಲು ಶುರುಮಾಡಿದೆ. ಮಿಷಿನ್ನು ಕಲಿತವನಿಗೆ ಇದೇನು ಮಹಾ ಅನಿಸಿತು. ಹಳೇ ಮೇಲ್ ನೋಡಿ ಇಳಿಸುವುದನ್ನು ಬಿಟ್ಟು ಸ್ವಂತ ಬರೆಯತೊಡಗಿದೆ.

ಒಂದು ಬೆಳಿಗ್ಗೆ ನಮ್ಮ ಟೆಕ್ನೀಷಿಯನ್ ಬರಲಿಲ್ಲ. ಪಕ್ಕದ ಯೂನಿಟ್ಟಿನಿಂದ ಒಬ್ಬನನ್ನು ಕೇಳಬೇಕು. ನಾನು ಯೋಚನೆ ಮಾಡಿದೆ. ಆಳು ನಮ್ಮ ಕಡೆಗೆ ಬರಬೇಕು. ಬರೋದು ಅಂದರೆ ಬಾರೋ. ಐದು ಗಂಟೆಯೊಳಗೆ ವಾಪಸ್ ಕಳಿಸುತ್ತೇವೆ. ಅದಕ್ಕೆ ಅವ್ವ ದಾಟಿಸಿದ ಪದ ಅನ್‌ಟಿಲ್. ಈ ಥರದ ವಾಕ್ಯವನ್ನು ಹಿಂದಿನ ಸಂಜೆಯೇ ಹೇಳಿ ಸರಿ ಅನ್ನಿಸಿಕೊಂಡಿದ್ದೆ. ಪ್ಲೀಸ್ ಬಾರೋ ಅಸ್ ಒನ್ ಟೆಕ್ನೀಷಿಯನ್, ವಿ ವಿಲ್ ಸೆಂಡ್ ಅನ್‌ಟಿಲ್ ಫೈವ್, ಅಂತ ಬರೆದೆ. ಪಕ್ಕದ ಯೂನಿಟ್ಟಿಗೆ ಕಳಿಸಿ, ಪ್ಲಾಂಟ್ ಹೆಡ್ಡಿಗೂ ಒಂದು ಹಾಕಿದೆ, ನೋಡಲಿ ಅಂತ.

ಮಧ್ಯಾಹ್ನ ಮೇಡಂ ಕ್ಯಾಬಿನ್ನಿಗೇ ಬಂದರು. ಹೊರಗಿನವರೆಲ್ಲ ನೋಡುತ್ತಿದ್ದರು.

"ಸರ್, ನಾನ್ ಕಳಿಸಿದ್ದನ್ನ ನೋಡಿದ್ರಾ?"

"ದಿನಾ ನೋಡ್ತೀನಿ ಮೇಡಂ."

"ನಮಗೆ ಕೊಡಿ ಅನ್ನೋಕೆ ಲೆಂಡ್ ಅಸ್ ಅನ್ಬೇಕು. ನಾವು ತಗೋತೀವಿ ಅನ್ನೋಕೆ ಬಾರೋ. ಯಾರು ಆ ಕೆಲಸ ಮಾಡ್ತಾರೆ ಅಂತ ನೋಡ್ಬೇಕು, ಆಳು ಯಾವ ಕಡೆ ನಡೀತಾನೆ ಅಂತಲ್ಲ. ಮತ್ತೆ ಐದರೊಳಗೆ ಅಂದ್ರೆ ಬೈ ಫೈವ್. ಅನ್‌ಟಿಲ್ ಅಂದ್ರೆ ಐದರವರೆಗೂ ಕಳಿಸ್ತಾನೇ ಇರ್ತೀರ ಅಂತಾಯ್ತು." ಅವರು ಧ್ವನಿ ತಗ್ಗಿಸಿದರು. "ಪ್ಲಾಂಟ್ ಹೆಡ್ ಸರ್ ಕೇಳಿದ್ರು, ಇವರು ಪ್ರಯತ್ನಾನಾದ್ರೂ ಮಾಡ್ತಿದಾರಾ ಅಂತ."

ಅವರು ಹೋದರು. ಪ್ರಯತ್ನ ಮಾಡುತ್ತಿದ್ದಾನಾ ಅಂತೆ. ನನ್ನನ್ನು ಏನು ಬೇಕಾದರೂ ಅನ್ನಬಹುದು, ಮೈಗಳ್ಳ ಅಂತ ಇವತ್ತಿನವರೆಗೆ ಯಾರೂ ಅಂದಿರಲಿಲ್ಲ. ಎದ್ದು ಹೊರಗೆ ಹೋಗಬೇಕು ಅನಿಸಿತು. ಹೊರಗೆ ಹೋದರೆ ಎಲ್ಲರ ಮುಖ. ಶಿಫ್ಟ್ ಮುಗಿಯುವವರೆಗೆ ಅಲ್ಲೇ, ಗಾಜಿಗೆ ಬೆನ್ನು ಹಾಕಿ ಕೂತೆ.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದೆ. ಅಡುಗೆಮನೆಗೆ ಕೇಳಿಸಲಿ ಅಂತಲೇ ಜೋರಾಗಿ ಅಂದೆ.

"ಅವ್ವಾ, ಇವತ್ತಿಂದ ಪಾಠ ಬ್ಯಾಡ. ತಪ್ ಯಾವುದು ಸರಿ ಯಾವುದು ಅಂತ್ಲೇ ಗೊತ್ತಿಲ್ದೋರು ಹೇಳ್ಕೊಟ್ರೆ ಇನ್ನೇನಾಯ್ತದೆ? ಮಕ್ಕಳಿಗೂ ಇಂಗೇ ಹೇಳ್ಕೊಡಾದು ಅಂದ್ರೆ ಆ ಮಕ್ಕಳ ಗತಿ ಏನು?"

ಒಲೆಯ ಮೇಲಿನ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ಆಮೇಲೆ ಗೋಡೆಯಾಚೆಯಿಂದ ಒಂದು ದನಿ ಬಂತು. ಕರುವಿಗೆ ಹೇಳಿದ್ದಲ್ಲ, ಅವ್ವನಿಗೆ ಹೇಳಿದ್ದೂ ಅಲ್ಲ.

"ಭಾವ, ನಾನು ದಿನಾ ತಪ್ಪು ಅಂತಾನೇ ಹೇಳ್ತಿದ್ದೆ."

ಹೆಂಡತಿ ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಳು. ಅವ್ವ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಿದ್ದಳು.

"ಒಂದ್ ವಾಕ್ಯಾನೂ ಸರಿಯಿರಲಿಲ್ಲ ಭಾವ. ಯಾಕೆ ತಪ್ಪು ಅಂತಾನೂ ಹೇಳ್ತಿದ್ದೆ. ನೀವು ಆ ಕಡೆಯಿಂದ ಮುಂದಿನ್ದಕ್ಕೆ ಹೋಗ್ಬಿಡ್ತಿದ್ರಿ. ಅತ್ತೆ ಸರಿ ಅಂದ್ಬಿಟ್ರೆ ಅವ್ರನ್ನ ದಾಟಿ ನಾನು ಹೇಳೋ ಹಾಗಿರ್ಲಿಲ್ಲ."

ನಾನು ಅವ್ವನನ್ನು ನೋಡಿದೆ. "ಯಾಕವ್ವಾ?"

"ಯಾಕೆ ಅಂದ್ರೆ? ನಿನ್ ತಮ್ಮನ್ ಹೆಂಡ್ತಿ ನಿಂಗೆ ತಪ್ಪು ಅಂದ್ಲು ಅಂತ ನನ್ ಬಾಯಲ್ಲಿ ಎಂಗ್ಲಾ ಹೇಳ್ಲಿ? ನಿಮ್ಮಪ್ಪ ಓದಾಗಿಂದ ಈ ಮನೇಲಿ ನಿಂಗೆ ತಪ್ಪು ಅಂದೋರ್ ಯಾರವ್ರೆ, ಹೇಳು?"

ಯಾರೂ ಇರಲಿಲ್ಲ. ಹೆಂಡತಿಯನ್ನು ನೋಡಿದೆ. ಅವಳು ಬುಟ್ಟಿ ಎತ್ತಿಕೊಂಡು ಹುಳದ ಮನೆಗೆ ಹೋಗಿಬಿಟ್ಟಳು.

ಆ ಸಂಜೆ ಪಾಠವಿಲ್ಲ. ಮಾರನೆಯ ದಿನವೂ ಇಲ್ಲ. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಇಳಿಸಿ ಬಂದ ತಮ್ಮನಿಗೆ ವಿಷಯ ಗೊತ್ತಾಗಿ, ಅವನು ನನ್ನ ಹತ್ತಿರ ಬಂದು, "ಅವಳು ಎದುರ್ ಮಾತಾಡ್ಬುಟ್ಲಂತೆ, ಬೇಜಾರ್ ಮಾಡ್ಕಬ್ಯಾಡ ಅಣ್ಣ, ನಾನ್ ಹೇಳ್ತೀನಿ ಬುಡು" ಅಂದ. "ಏನೇಳ್ತೀಯಾ?" ಅಂದೆ. ಅವನು ತಲೆ ಕೆರೆದುಕೊಂಡು ಹೋದ.

ರಿವ್ಯೂ ಹತ್ತಿರ ಬರುತ್ತಿತ್ತು. ಕನಕಪುರದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿದೆ, ಅಲ್ಲಿಗೆ ಸೇರೋಣ ಅಂದರೆ ಶಿಫ್ಟ್ ಮುಗಿಸಿ ಹೋಗುವಷ್ಟರಲ್ಲಿ ಮುಚ್ಚಿರುತ್ತಾರೆ. ಫೋನಿನಲ್ಲಿ ಪಾಠ ಹೇಳುವವರು ಓಡುವ ಬಸ್ಸಿನ ಥರ ಮಾತಾಡುತ್ತಾರೆ, ನಿಲ್ಲಿಸಿ ಅಂದರೆ ನಿಲ್ಲಿಸುವವರಿಲ್ಲ. ಎಲ್ಲ ದಾರಿಯೂ ಸುತ್ತಿ ಬಂದು ಅದೇ ಗೋಡೆಗೆ ಮುಟ್ಟುತ್ತಿತ್ತು.

ಮೂರನೆಯ ಸಂಜೆ ಚಾಪೆ ಎತ್ತಿಕೊಂಡು ಹೋಗಿ ಅಡುಗೆಮನೆಯ ಗೋಡೆಗೇ ಹಾಸಿದೆ. ಬೆನ್ನು ಗೋಡೆಗೆ ಒರಗಿಸಿ ಕೂತೆ. ಅವ್ವನ ಹೊಸ್ತಿಲು ಖಾಲಿ ಇತ್ತು. ಅವಳು ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ರಸ್ತೆ ನೋಡುತ್ತಿದ್ದಳು.

"ಶುರು ಮಾಡಮ್ಮ" ಅಂದೆ. ಆ ಎರಡು ಪದ ಬಾಯಿಂದ ಬರುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು.

ಒಳಗೆ ಪಾತ್ರೆ ಸದ್ದು ನಿಂತಿತು. "ಬಾರೋ ಹಾಕಿ ಒಂದು ಹೇಳಿ ಭಾವ."

ಹೇಳಿದೆ.

"ತಪ್ಪು."

ಅವಳು ಸಿಟ್ಟಿನಿಂದ ಅನ್ನಲಿಲ್ಲ, ಅಂಜಿಕೆಯಿಂದಲೂ ಅನ್ನಲಿಲ್ಲ. ಸ್ಕೂಲಿನಲ್ಲಿ ಮಕ್ಕಳಿಗೆ ಹೇಗೆ ಅನ್ನುತ್ತಾಳೋ ಹಾಗೇ ಅಂದಳು. ನನಗೆ ಎದ್ದು ಹೋಗಿಬಿಡಬೇಕು ಅನಿಸಿತು. ಹೋಗುವುದಾದರೂ ಎಲ್ಲಿಗೆ?

"ಏಣಿ ಬುಟ್ಬುಡಿ ಭಾವ. ಆ ಕೆಲಸ ಯಾರು ಮಾಡ್ಬೇಕೋ ಅವ್ರ ಕೈ ನೋಡಿ. ಕೈ ಈಸ್ಕೊಂಡ್ರೆ ಬಾರೋ. ಕೈ ಕೊಟ್ರೆ ಲೆಂಡ್. 'ನೀವು ನಮಗೆ ಕೊಡಿ' ಅಂದಾಗ ಕೊಡೋ ಕೈ ಅವ್ರದು. ಈಗ ಹೇಳಿ."

"ಲೆಂಡ್ ಅಸ್."

"ಸರಿ. ಇನ್ನೊಂದ್ಸಲ, ಪೂರ್ತಿ."

ಆಮೇಲೆ ಅನ್‌ಟಿಲ್ ಮತ್ತು ಬೈ. "ಇದು ನಮ್ ಭಾಷೇಲೇ ಇದೆಯಲ್ಲ ಭಾವ. ವರೆಗೆ, ಒಳಗೆ. ಹುಳ ಹಣ್ಣಾಗಿ ಗೂಡು ಕಟ್ಟೋವರೆಗೆ ಸೊಪ್ಪು ಹಾಕ್ತಾನೇ ಇರ್ತೀವಿ, ಅದು ಅನ್‌ಟಿಲ್. ಹತ್ತು ಗಂಟೆಯೊಳಗೆ ಗೂಡು ಮಾರ್ಕೆಟ್ ಮುಟ್ಟಬೇಕು, ಅದು ಬೈ." ಅವ್ವ ಇದನ್ನು ಹೇಗೆ ದಾಟಿಸಿದ್ದಳೋ ಏನೋ, ನನಗೆ ಎರಡೂ ಒಂದೇ ಅಂತ ತಲುಪಿತ್ತು.

ಆ ವಾರವಿಡೀ ಹಾಗೆ ನಡೆಯಿತು. ತಪ್ಪು ಭಾವ. ಮತ್ತೆ ಹೇಳಿ ಭಾವ. ಅರ್ಧ ಸರಿ ಭಾವ. ಮುಖ ಕಾಣದ ದನಿಗೆ ಕಿವಿ ಕೊಟ್ಟು ಕೂತು, ಬೆನ್ನಿಗೆ ಗೋಡೆಯ ಸುಣ್ಣ ಹತ್ತಿ ಅಂಗಿ ಬಿಳಿಯಾಗುತ್ತಿತ್ತು. ಪ್ರತಿ 'ತ‌ಪ್ಪು' ಬಂದಾಗಲೂ ನನ್ನ ಕಣ್ಣು ಜಗಲಿಯ ಕಡೆಗೇ ಹೋಗುತ್ತಿತ್ತು, ಅವ್ವನಿಗೆ ಕೇಳಿಸಿತಾ ಅಂತ. ಕೇಳಿಸುತ್ತಿತ್ತು. ಅವಳು ಅದನ್ನು ಕೇಳಿಸಿಕೊಳ್ಳದವಳ ಹಾಗೆ ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳು ಕಿರಿಸೊಸೆಯೊಂದಿಗೂ ಮಾತು ಕಡಿಮೆ ಮಾಡಿದ್ದಳು, ನನ್ನೊಂದಿಗೂ.

ರಿವ್ಯೂ ದಿನ ಹೊರಡುವಾಗ ಮಾತ್ರ ಹತ್ತಿರ ಬಂದು, "ಕೆಂಗಲ್ ಹನುಮಂತರಾಯನ್ಗೆ ಹೇಳ್ಕಂಡಿವ್ನಿ, ಓಗ್ಬುಟ್ ಬಾ" ಅಂದಳು.

ರೂಮಿನಲ್ಲಿ ಪ್ಲಾಂಟ್ ಹೆಡ್, ಪಕ್ಕದಲ್ಲಿ ಮೇಡಂ. ಕೂರಿಸಿದರು. ಲಾರಿ ಗೇಟಿನಲ್ಲಿ ನಿಂತ ದಿನ ಏನಾಯಿತು, ನಿನ್ನದೇ ಮಾತಿನಲ್ಲಿ ಹೇಳು ಅಂದರು. ನಾನು ಶುರುಮಾಡಿದೆ. ಮಿಷಿನ್ ಬ್ರೇಕ್‌ಡೌನ್ ಅಂದೆ. ಮೇಡಂ ತಲೆ ಆಡಿಸಿದರು. ಬೋಲ್ಟ್ ಲೂಸ್ ಆಗಿತ್ತು ಅಂದೆ, ಅದೂ ಸರಿ ಬಂತು. ಆವತ್ತೂ ಪಕ್ಕದ ಯೂನಿಟ್ಟಿನಿಂದ ಆಳು ಕೇಳಿದ್ದೆ ಅನ್ನುವಲ್ಲಿ ನಾಲಿಗೆ ಹಳೇ ದಾರಿಯನ್ನೇ ಹಿಡಿದು "ಬಾರೋ ಅಸ್" ಅಂದುಬಿಟ್ಟಿತು. ಅಂದ ಕೂಡಲೇ ಕಿವಿಯಲ್ಲಿ 'ತಪ್ಪು ಭಾವ' ಅಂತ ಕೇಳಿಸಿತು. "ನೋ ಸರ್. ರಾಂಗ್" ಅಂದೆ, ಜೋರಾಗಿಯೇ. ಪ್ಲಾಂಟ್ ಹೆಡ್ ತಾವೇನೋ ತಪ್ಪು ಮಾಡಿದೆವು ಅಂತ ಕುರ್ಚಿಯಲ್ಲಿ ಸರಿದು ಕೂತರು. "ಮೈ ರಾಂಗ್ ಸರ್. ಲೆಂಡ್ ಅಸ್" ಅಂದೆ. ಅವರು ಸಣ್ಣಗೆ ನಕ್ಕು ಮುಂದುವರಿಸು ಅಂತ ಕೈ ಮಾಡಿದರು.

ಮುಂದುವರಿಸಿದೆ. ಆದರೆ ಅವರು ನಡುನಡುವೆ ಪ್ರಶ್ನೆ ಹಾಕಿದರು. ಗೋಡೆಯಾಚೆಯ ದನಿ ನಿಧಾನ, ಇವರದು ಬೇಗ. ಅರ್ಧ ಪ್ರಶ್ನೆ ಅರ್ಥವಾಗಲಿಲ್ಲ, ಅರ್ಥವಾದದ್ದಕ್ಕೆ ಪದ ಸಿಗಲಿಲ್ಲ. ಕೊನೆಗೆ ಅವರಿಬ್ಬರೂ ಮಾತಾಡಿಕೊಂಡರು. ಮೇಡಂ ಕನ್ನಡದಲ್ಲಿ ಹೇಳಿದರು.

"ಸರ್, ಸುಧಾರಣೆ ಕಾಣ್ತಿದೆ ಅಂದ್ರು. ಆದ್ರೆ ಈಗ್ಲೇ ಕನ್ಫರ್ಮ್ ಮಾಡೋಕಾಗಲ್ಲ. ಮೂರು ತಿಂಗಳು ಪ್ರೊಬೇಷನ್ ಮುಂದುವರಿಸ್ತಾರೆ. ಆಮೇಲೆ ಮತ್ತೆ ರಿವ್ಯೂ."

"ಲೈನ್ಗೆ ಹಾಕಲ್ವಾ?"

"ಈಗ ಹಾಕಲ್ಲ. ಆಮೇಲೆ ನೋಡ್ಬೇಕು."

ಕ್ಯಾಬಿನ್ನಿಗೆ ವಾಪಸ್ ಬಂದು ಕೂತೆ. ಹೊರಗೆ ಗೆಳೆಯ ಮಿಷಿನ್ನಿನ ಪಕ್ಕ ನಿಂತು, ಏನಾಯ್ತು ಅಂತ ಗದ್ದ ಎತ್ತಿ ಕೇಳಿದ. ಗಾಜಿನ ಒಳಗಿನಿಂದ ಹೇಳಿದರೆ ಕೇಳಿಸುವುದಿಲ್ಲ. ಗೆದ್ದೆ ಅನ್ನಲು ಒಂದು ಸನ್ನೆಯಿದೆ, ಸೋತೆ ಅನ್ನಲು ಒಂದು ಸನ್ನೆಯಿದೆ. ಇದಕ್ಕೆ ಯಾವ ಸನ್ನೆ ಮಾಡಬೇಕು ಅಂತ ತಿಳಿಯದೆ ಕೈ ಎತ್ತಿ ಹಾಗೇ ಇಳಿಸಿದೆ. ಅವನು ಒಂದು ಗಳಿಗೆ ಕಾದು, ಮಿಷಿನ್ನಿನ ಕಡೆ ತಿರುಗಿಕೊಂಡ.

ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಅವ್ವ ಮುಖ ನೋಡಿಯೇ, "ಆಯ್ತೇನಪ್ಪ?" ಅಂದಳು.

"ಆಗ್ಲಿಲ್ಲ. ಇಲ್ಲಾ ಅಂತಾನೂ ಅನ್ಲಿಲ್ಲ. ಇನ್ನೂ ಮೂರ್ ತಿಂಗ್ಳಂತೆ."

"ಯಾರಾರ ಕೇಳಿದ್ರೆ ಆಯ್ತು ಅನ್ನವ್ವ" ಅಂತ ಅವ್ವ ನನ್ನ ಹೆಂಡತಿಗೆ ಹೇಳಿದಳು. "ಮೂರ್ ತಿಂಗ್ಳಲ್ಲಿ ಆಗೋದೇ ಅಲ್ವಾ?"

"ಬ್ಯಾಡ ಅವ್ವ, ಅಂಗೇಳ್ಬ್ಯಾಡಿ" ಅಂದೆ. ಅವ್ವ ನನ್ನನ್ನು ಅಪರಿಚಿತನನ್ನು ನೋಡುವ ಹಾಗೆ ನೋಡಿದಳು.

ಕೈಕಾಲು ತೊಳೆದು ಬಂದು ಚಾಪೆ ಗೋಡೆಗೆ ಹಾಸಿದೆ. ಒಳಗೆ ಅನ್ನ ಬಸಿಯುವ ಸದ್ದು.

"ಇವತ್ತೂ ಇದೆಯೇನ್ ಭಾವ ಪಾಠ?" ಅಂತ ತಮ್ಮನ ಹೆಂಡತಿ ಕೇಳಿದಳು.

"ಹೂಂ."

"ಹಂಗಾದ್ರೆ ಅಲ್ಲಿ ಏನೇನ್ ತಪ್ಪಾಯ್ತು ಅಂತ ಹೇಳಿ. ಅಲ್ಲಿಂದ್ಲೇ ಶುರು ಮಾಡಣ."

ನಾನು ಹೇಳಲು ಶುರುಮಾಡಿದೆ. ಮೊದಲನೆಯದು ಹೇಳಿ ಎರಡನೆಯದಕ್ಕೆ ಬರುವಷ್ಟರಲ್ಲಿ ಅವ್ವ ಗೋಡೆ ಹಿಡಿದು ಎದ್ದಳು, ಮಂಡಿ ನೀವಿಕೊಳ್ಳುತ್ತಾ ಹೊರಗೆ ಹೋದಳು. ತಪ್ಪುಗಳು ಇನ್ನೂ ಬಹಳ ಇದ್ದವು. ನಾನು ನಿಲ್ಲಿಸಲಿಲ್ಲ.